ಕಾರಿನೊಳಗೆ ಎ.ಸಿ. ನೀರು: ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. 3 ವರ್ಷ ಕಲಬುರಗಿಯಲ್ಲಿದ್ದು, ಕಳೆದ ಮೇ ಕೊನೆಯಲ್ಲಿ ಪುತ್ತೂರಿಗೆ ವರ್ಗವಾಗಿ ಬಂದೆ. ನಮ್ಮದು 7 ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಕಲಬುರಗಿಯ ಬಿಸಿಲಿನಲ್ಲಿ ದಿನವಿಡೀ ಎ.ಸಿ. ಓಡಿಸಿದರೂ ಏನೂ ತೊಂದರೆ ಇರಲಿಲ್ಲ. ಇಲ್ಲಿಗೆ ಬಂದ ಎರಡೇ ವಾರದಲ್ಲಿ ಎಡಗಡೆಯ ಮುಂದಿನ ಸೀಟಿನ ಕಾಲಡಿ ಒದ್ದೆಯಾಗತೊಡಗಿತು. ಎ.ಸಿ. ಹಾಕಿ ಸುಮಾರು 20 ನಿಮಿಷವಾದ ಮೇಲೆ, ಕಾರು ಬಲಕ್ಕೆ ತಿರುಗುವಾಗ ಡ್ಯಾಶ್‌ಬೋರ್ಡಿನ ಒಳಗೆ ನೀರು ಕುಲುಕಿದ ಸದ್ದು ಕೇಳಿಸಿ, ಮರುಕ್ಷಣವೇ ನನ್ನ ಪತ್ನಿಯ ಪಾದದ ಮೇಲೆ ತಣ್ಣನೆಯ ನೀರು ಸುರಿಯುತ್ತದೆ. ಒಂದು ಗ್ಯಾರೇಜಿನವರು ಗ್ಯಾಸ್ ಸೋರಿ ನೀರಾಗುತ್ತಿದೆ ಎಂದು ಹೇಳಿ ಗ್ಯಾಸ್ ತುಂಬಿಸಿದರು, ಸೋರಿಕೆ ನಿಲ್ಲಲಿಲ್ಲ. ಇನ್ನೊಬ್ಬರು ಕೂಲಿಂಗ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಎನ್ನುತ್ತಾರೆ. ತಂಪೇನೋ ಮೊದಲಿನಂತೆಯೇ ಇದೆ. ಕಾರಿನ ಅಡಿಯಲ್ಲಿ ಒಂದು ಹನಿ ನೀರೂ ಬೀಳುವುದಿಲ್ಲ, ಹಾಗಾಗಿ ಹೊರಗಿನ ಸೋರಿಕೆಯಂತೂ ಇಲ್ಲ. ಈಗ ಒಳಗೆಲ್ಲ ಮುಗ್ಗಲು ವಾಸನೆ. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಏನಾದರೂ ಒಡೆದಿರಬಹುದೇ? ಹೀಗೆಯೇ ಎ.ಸಿ. ಓಡಿಸಿದರೆ ಅಪಾಯವಿದೆಯೇ? ಡ್ಯಾಶ್‌ಬೋರ್ಡ್ ಬಿಚ್ಚಿಸುವುದು ಅನಿವಾರ್ಯವೇ?

ಉತ್ತರ: ತಮ್ಮ ಪತ್ರದ ಎಲ್ಲ ವಿವರಗಳಲ್ಲಿ ತಾವು ಸಮಾಧಾನದ ಸಂಗತಿಯೆಂದು ಬರೆದಿರುವ ಒಂದು ವಾಕ್ಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು: ಕಾರಿನ ಅಡಿಯಲ್ಲಿ ಒಂದು ಹನಿ ನೀರೂ ಬೀಳುತ್ತಿಲ್ಲ. ಜೂನ್ ತಿಂಗಳ ಪುತ್ತೂರಿನಲ್ಲಿ ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ನೀರು ಬೀಳಲೇಬೇಕು. ಬೀಳದಿದ್ದರೆ ಆ ನೀರು ಬೇರೆಲ್ಲೋ ಹೋಗುತ್ತಿದೆ ಎಂದರ್ಥ, ಮತ್ತು ತಮ್ಮ ಕಾರಿನಲ್ಲಿ ಅದು ಎಲ್ಲಿಗೆ ಹೋಗುತ್ತಿದೆ ಎಂಬುದು ತಮ್ಮ ಪತ್ನಿಯವರಿಗೆ ಈಗಾಗಲೇ ತಿಳಿದಿದೆ. ಎ.ಸಿ. ನೀರನ್ನು ಹೊರಗೆ ಬಿಡುವ ಡ್ರೈನ್ ಪೈಪು ಕಟ್ಟಿಕೊಂಡಿರುವ ಸಾಧ್ಯತೆಯೇ ಇಲ್ಲಿ ಬಹಳ ಹೆಚ್ಚು. ಕಾಯಿಲ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ.

ಮೊದಲು ಗ್ಯಾಸಿನ ವಿಚಾರ, ಏಕೆಂದರೆ ಈ ತಪ್ಪು ತಿಳಿವಳಿಕೆಯಿಂದ ಹಣ ಕಳೆದುಕೊಂಡವರಲ್ಲಿ ತಾವು ಮೊದಲಿಗರೇನಲ್ಲ. ತಮ್ಮ ವಯಸ್ಸಿನ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಆರ್ 134 ಎ ಎಂಬ ಅನಿಲವು ಹೊರಗಿನ ವಾತಾವರಣದ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿದು ಆವಿಯಾಗಿಬಿಡುತ್ತದೆ. ಅದು ಪೈಪಿನಿಂದ ಸೋರಿದರೆ ಗಾಳಿಯಲ್ಲಿ ಕಣ್ಮರೆಯಾಗುತ್ತದೆಯೇ ಹೊರತು ಪಾದದ ಮೇಲೆ ನೀರಾಗಿ ಸುರಿಯುವುದಿಲ್ಲ. ಸಣ್ಣ ಕಾರಿನ ಎ.ಸಿ. ವ್ಯವಸ್ಥೆಯಲ್ಲಿರುವ ಒಟ್ಟು ಗ್ಯಾಸೇ ಸಾಮಾನ್ಯವಾಗಿ 350ರಿಂದ 500 ಗ್ರಾಂ ಆಸುಪಾಸು. ಅಷ್ಟೂ ನೀರಾಗಿ ಮಾರ್ಪಟ್ಟಿತೆಂದೇ ಇಟ್ಟುಕೊಂಡರೂ ಹೆಚ್ಚೆಂದರೆ ಅರ್ಧ ಲೀಟರ್ ಆದೀತು. ತಾವು ವಾರಗಟ್ಟಲೆ ಮ್ಯಾಟ್ ಹಿಂಡುತ್ತಿದ್ದೀರಿ. ಗ್ಯಾಸ್ ಕಡಿಮೆಯಾದಾಗ ಒಳಗೆ ನೀರು ಬರುವ ಸುತ್ತುದಾರಿಯೊಂದು ಇದೆ ಎಂಬುದು ನಿಜ. ಅದನ್ನು ಮುಂದೆ ಹೇಳುತ್ತೇನೆ. ಆದರೆ ಅದರ ಲಕ್ಷಣವೇ ಬೇರೆ.

ಹಾಗಾದರೆ ಈ ನೀರು ಹುಟ್ಟುವುದೆಲ್ಲಿ? ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಿದೆ. ಅದರೊಳಗೆ ಬ್ಲೋವರ್ ಫ್ಯಾನ್ ಮತ್ತು ನಮ್ಮ ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಎಂದು ಕರೆಯುವ ಇವಾಪರೇಟರ್ ಇರುತ್ತವೆ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವ ಹಾಗೆಯೇ, ತಂಪಾದ ಈ ಕಾಯಿಲ್‌ನ ಮೇಲೆ ಹಾದುಹೋಗುವ ಗಾಳಿಯಲ್ಲಿರುವ ನೀರಾವಿ ಹನಿಗಟ್ಟುತ್ತದೆ, ಹನಿಗಳು ಪೆಟ್ಟಿಗೆಯ ತಳದ ತಟ್ಟೆಗೆ ಜಾರುತ್ತವೆ, ಅಲ್ಲಿಂದ ಬೆರಳು ದಪ್ಪದ ಒಂದು ಪೈಪಿನ ಮೂಲಕ ಎಂಜಿನ್ ಕಡೆಯ ತಗಡಿನ ಗೋಡೆಯನ್ನೋ ಕಾರಿನ ನೆಲವನ್ನೋ ದಾಟಿ ರಸ್ತೆಗೆ ಬೀಳುತ್ತವೆ. ನೀರು ಹುಟ್ಟುವುದು ಎ.ಸಿ. ಚೆನ್ನಾಗಿ ಕೆಲಸ ಮಾಡುತ್ತಿರುವುದರ ಗುರುತು. ಕೆಟ್ಟಿರುವುದು ಆ ನೀರಿನ ದಾರಿ ಮಾತ್ರ.

ಕಲಬುರಗಿಯಲ್ಲಿ ಇಲ್ಲದ ತೊಂದರೆ ಪುತ್ತೂರಿನಲ್ಲಿ ಬಂದದ್ದೇಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ, ಮತ್ತು ಅದಕ್ಕೆ ಪಾಪ ಶಿರಾಡಿ ಘಾಟಿಯನ್ನು ದೂರಬೇಕಾಗಿಲ್ಲ. 40 ಡಿಗ್ರಿ ಬಿಸಿಲಿನ, ಶೇ. 20ರಷ್ಟು ಮಾತ್ರ ಸಾಪೇಕ್ಷ ಆರ್ದ್ರತೆಯಿರುವ ಒಣಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು 10 ಗ್ರಾಂ ನೀರಾವಿ ಇರುತ್ತದೆ. ಕಾಯಿಲ್ ಆ ಗಾಳಿಯನ್ನು 8 ಡಿಗ್ರಿಗೆ ತಣಿಸಿದಾಗ, ಅಷ್ಟು ತಂಪಿನಲ್ಲಿಯೂ ಗಾಳಿ ಸುಮಾರು 8 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದಾದ್ದರಿಂದ, ತಟ್ಟೆಗೆ ಬೀಳುವುದು ಬರಿಯ 2 ಗ್ರಾಂ. ಕರಾವಳಿಯ ಮಳೆಗಾಲದ ಗಾಳಿ 30 ಡಿಗ್ರಿಯಲ್ಲಿದ್ದು ಆರ್ದ್ರತೆ ಶೇ. 85 ಇದ್ದರೆ, ಅದೇ ಒಂದು ಘನಮೀಟರಿನಲ್ಲಿ ಸುಮಾರು 26 ಗ್ರಾಂ ಆವಿ ಇರುತ್ತದೆ, ಮತ್ತು ತಟ್ಟೆಗೆ 17-18 ಗ್ರಾಂ ನೀರು ಬೀಳುತ್ತದೆ. ಎಂಟು ಒಂಬತ್ತು ಪಟ್ಟು ಹೆಚ್ಚಾಯಿತಲ್ಲ! ಹೊರಗಾಳಿಯನ್ನು ಎಳೆದುಕೊಳ್ಳುವಂತೆ ಇಟ್ಟು ಫ್ಯಾನ್ ಜೋರಾಗಿ ಓಡಿಸಿದರೆ ಗಂಟೆಗೆ 2 ಲೀಟರ್ ನೀರು ಬರುವುದೂ ಅಸಾಧ್ಯವಲ್ಲ. ಬಹುಶಃ ತಮ್ಮ ಡ್ರೈನ್ ಪೈಪು ಕಲಬುರಗಿಯಲ್ಲಿದ್ದಾಗಲೇ ಅಲ್ಲಿಯ ಧೂಳಿನಿಂದ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಉಳಿದ ಸಂದಿನಲ್ಲಿ ಅಲ್ಲಿಯ ಅಲ್ಪ ನೀರು ಹೇಗೋ ಇಳಿದುಹೋಗುತ್ತಿತ್ತು. ಕರಾವಳಿಯ ನೀರಿಗೆ ಆ ಸಂದು ಸಾಲಲಿಲ್ಲ, ಒಣಗಿದ್ದ ಧೂಳೂ ನೆನೆದು ಉಬ್ಬಿ ಇದ್ದ ಸಂದನ್ನು ಮುಚ್ಚಿತು. ಬಯಲುಸೀಮೆಯಿಂದ ಕೆಳಗಿಳಿದು ಬಂದ ಕಾರುಗಳಲ್ಲಿ ಪ್ರತಿ ಜೂನ್‌ನಲ್ಲಿ ನಾನು ಇದನ್ನು ನೋಡುತ್ತೇನೆ.

ಬಲಕ್ಕೆ ತಿರುಗುವಾಗಲೇ ಸುರಿಯುವುದು ಈ ಊಹೆಯನ್ನು ಬಲಪಡಿಸುತ್ತದೆ. ಕಾರು ಬಲಕ್ಕೆ ತಿರುಗಿದಾಗ ತಟ್ಟೆಯಲ್ಲಿ ನಿಂತ ನೀರು ಎಡಕ್ಕೆ ಏರಿ ಪೆಟ್ಟಿಗೆಯ ಅಂಚನ್ನು ದಾಟುತ್ತದೆ. ಕುಲುಕುವ ಸದ್ದು ಬರಬೇಕಾದರೂ ಒಳಗೆ ನೀರು ನಿಂತಿರಲೇಬೇಕು. ಕಾಯಿಲ್ ತೂತಾಗಿದ್ದರೆ ಇಂಥ ಸದ್ದು ಬರುವುದಿಲ್ಲ, ತಂಪು ಮೊದಲಿನಂತೆ ಉಳಿಯುವುದೂ ಇಲ್ಲ.

ಹೀಗಿದ್ದರೂ ಪತ್ರದ ಮೇಲೆಯೇ ತೀರ್ಪು ಬರೆಯುವುದು ಸರಿಯಲ್ಲ. ಮಳೆಗಾಲದಲ್ಲಿ ಒಳಗೆ ಬಂದ ನೀರೆಲ್ಲ ಎ.ಸಿ. ನೀರೇ ಆಗಿರಬೇಕಾಗಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ, ಮಳೆನೀರು ಹರಿದುಹೋಗಲು ಒಂದು ಕಾಲುವೆಯಿದೆ. ಹಲಸಿನ ಮರದಡಿಯೋ ಮಾವಿನ ಮರದಡಿಯೋ ನಿಲ್ಲುವ ಕಾರುಗಳಲ್ಲಿ ಅದು ಎಲೆ, ಹೂವಿನ ಪುಡಿ ಸೇರಿ ಕಟ್ಟಿಕೊಳ್ಳುತ್ತದೆ, ಆಗ ನೀರು ಬ್ಲೋವರ್‌ನ ಗಾಳಿದಾರಿಯಿಂದಲೇ ಒಳಗಿಳಿದು, ಎ.ಸಿ. ನೀರು ಬೀಳುವ ಅದೇ ಜಾಗದಲ್ಲಿ ಬೀಳುತ್ತದೆ. ಬಾಗಿಲಿನ ಒಳಹಲಗೆಯ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಸ್ಪೀಕರ್ ಹಾಕಿಸುವಾಗ ಹರಿದಿದ್ದರೂ ಮಳೆನೀರು ಕಾಲಡಿಗೆ ಬರುತ್ತದೆ. ಇದನ್ನು ಬೇರ್ಪಡಿಸಲು ಖರ್ಚಿಲ್ಲದ ಪರೀಕ್ಷೆಯೊಂದಿದೆ: ಎಡಗಡೆಯ ಕಾಲಡಿಯನ್ನು ಒರೆಸಿ, ಮ್ಯಾಟ್ ತೆಗೆದು, ಒಣ ದಿನಪತ್ರಿಕೆ ಹಾಸಿ, ಮಳೆ ಬರುವ ಒಂದು ರಾತ್ರಿ ಕಾರನ್ನು ಹೊರಗೆ ಬಿಡಿ, ಎ.ಸಿ. ಮುಟ್ಟಬೇಡಿ. ಬೆಳಗ್ಗೆ ಕಾಗದ ಒಣಗಿದ್ದರೆ ಮಳೆಯ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಅನಂತರ ಕಾರನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಕಿಟಕಿ ತೆರೆದಿಟ್ಟು, ಹೊರಗಾಳಿ ಎಳೆಯುವಂತೆ ಮಾಡಿ, ಎ.ಸಿ.ಯನ್ನು 20 ನಿಮಿಷ ಓಡಿಸಿ. ಅಡಿಯಲ್ಲಿ ಹನಿ ಇಲ್ಲದೆ ಒಳಗಿನ ಕಾಗದ ನೆನೆದರೆ, ಅಥವಾ ಆ ಬಳಿಕ ಮೆಲ್ಲಗೆ ಬಲಕ್ಕೆ ತಿರುಗಿಸಿದಾಗ ನೀರು ಬಿದ್ದರೆ, ಡ್ರೈನ್ ಪೈಪಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಕಾರು ಮುಚ್ಚಿದ ಶೆಡ್ಡಿನಲ್ಲಿದ್ದರೆ ಈ ಪರೀಕ್ಷೆ ಬೇಡ, ಹೊಗೆ ಪ್ರಾಣಕ್ಕೆ ಎರವಾಗುತ್ತದೆ.

ಬಿದ್ದ ನೀರನ್ನು ಬಿಳಿ ಬಟ್ಟೆಯಲ್ಲಿ ಒತ್ತಿ ನೋಡುವುದನ್ನೂ ಮರೆಯಬೇಡಿ. ಎ.ಸಿ. ನೀರಿಗೆ ಬಣ್ಣವಿಲ್ಲ, ಜಿಗುಟಿಲ್ಲ, ಹೆಚ್ಚೆಂದರೆ ಧೂಳಿನ ಕಂದು ಛಾಯೆ ಇರಬಹುದು. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣ ಕಂಡು, ಬೆರಳಿಗೆ ಜಾರುವಂತಿದ್ದು, ಸಿಹಿಯಾದ ವಾಸನೆ ಬರುತ್ತಿದ್ದರೆ ಅದು ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್‌ನಿಂದ ಸೋರುತ್ತಿರುವ ಕೂಲೆಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ. ಆಗ ಮುಂದಿನ ಗಾಜಿನ ಒಳಮೈಗೆ ಎಣ್ಣೆ ಸವರಿದಂಥ ಮಂಜು ಕಟ್ಟುವುದೂ ಉಂಟು. ಕೂಲೆಂಟ್ ವಿಷಕಾರಿ, ಅದರ ಮಟ್ಟ ಇಳಿದರೆ ಎಂಜಿನ್ ಸುಡುತ್ತದೆ. ಅಂಥ ಕಾರನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಸರಿ. ತಾವು ಬರೆದ ಲಕ್ಷಣಗಳಲ್ಲಿ ಇದರ ಸುಳಿವಿಲ್ಲ.

ಈಗ ರಿಪೇರಿಯ ಮಾತು. ಡ್ರೈನ್ ಪೈಪನ್ನು ಕೆಳಗಿನಿಂದ ಬಿಡಿಸುವುದು ಅರ್ಧ ಗಂಟೆಯ ಕೆಲಸ, ಖರ್ಚೂ ಕೆಲವು ನೂರು ರೂಪಾಯಿಗಳಷ್ಟೇ. ಕಾರನ್ನು ರ‍್ಯಾಂಪಿನ ಮೇಲೆ ಏರಿಸಿ, ಎಂಜಿನ್ ತಣ್ಣಗಾದ ಮೇಲೆ, ಪೈಪಿನ ತುದಿಯನ್ನು ಹುಡುಕಬೇಕು. ಮನೆಯಲ್ಲಿಯೇ ಮಾಡುತ್ತೇನೆಂದು ಬರಿಯ ಜ್ಯಾಕ್ ಮೇಲೆ ನಿಂತ ಕಾರಿನ ಅಡಿಗೆ ತೂರಬೇಡಿ. ಜ್ಯಾಕ್ ಜಾರಿದರೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಪೈಪಿನ ತುದಿ ಸಿಕ್ಕಿದ ಮೇಲೆ ನಾನು ಮೊದಲು ಬಳಸುವುದು ಒದ್ದೆ ಕಸವನ್ನೂ ಎಳೆಯಬಲ್ಲ ವ್ಯಾಕ್ಯೂಮ್. ಅದರ ಬಾಯನ್ನು ಪೈಪಿಗೆ ಬಿಗಿಯಾಗಿ ಹಿಡಿದರೆ ಕೆಸರು ಬಂದ ದಾರಿಯಲ್ಲೇ ಹೊರಗೆ ಬರುತ್ತದೆ. ಅದು ಸಾಲದಿದ್ದರೆ ಹುಲ್ಲು ಕತ್ತರಿಸುವ ಯಂತ್ರದಲ್ಲಿ ಬಳಸುವಂಥ ಮೆತ್ತನೆಯ ನೈಲಾನ್ ದಾರವನ್ನು ಮೆಲ್ಲಗೆ ತಿರುಗಿಸುತ್ತ ತೂರಿಸುತ್ತೇನೆ. ಕಬ್ಬಿಣದ ತಂತಿ ಬೇಡ, ಅದರ ತುದಿ ತಟ್ಟೆಯನ್ನೋ ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನೋ ಚುಚ್ಚಿದರೆ ಇಲ್ಲದ ಕಾಯಿಲೆಯನ್ನು ನಾವೇ ತಂದಂತಾಗುತ್ತದೆ. ಪೈಪು ಬಿಟ್ಟುಕೊಂಡಾಗ ಲೀಟರ್‌ಗಟ್ಟಲೆ ಕಪ್ಪು ನೀರು ಒಮ್ಮೆಲೇ ಮುಖಕ್ಕೆ ಸುರಿಯುತ್ತದೆ, ಆದ್ದರಿಂದ ಕನ್ನಡಕ ಹಾಕಿಕೊಂಡಿರಬೇಕು. ಒಮ್ಮೆ ಒಂದು ಕಾರಿನ ಪೈಪಿನಿಂದ ಕುಂಬಾರಹುಳು ಕಟ್ಟಿದ ಮಣ್ಣಿನ ಗೂಡನ್ನು ತೆಗೆದಿದ್ದೇನೆ. ಮಾಲೀಕರು ಎರಡು ತಿಂಗಳು ಊರಿನಲ್ಲಿರಲಿಲ್ಲವಂತೆ, ಹುಳುವಿಗೆ ಅಷ್ಟು ಸಾಕಾಗಿತ್ತು.

ಬಹಳ ಕಡೆ ಕಂಪ್ರೆಸರ್ ಗಾಳಿಯನ್ನು ಕೆಳಗಿನಿಂದ ಜೋರಾಗಿ ಊದುತ್ತಾರೆ. ಟೈರಿಗೆ ತುಂಬುವಷ್ಟು, ಅಂದರೆ 30 ಪಿಎಸ್ಐ ಒಳಗಿನ ಒತ್ತಡದಲ್ಲಿ ಚಿಕ್ಕ ಚಿಕ್ಕ ಊದುಗಳಾದರೆ ನನ್ನ ಆಕ್ಷೇಪವಿಲ್ಲ. ಪೂರ್ತಿ ಒತ್ತಡ ಬಿಟ್ಟರೆ ಕೆಸರೆಲ್ಲ ಮತ್ತೆ ಪೆಟ್ಟಿಗೆಯೊಳಗೆ ಹಾರುತ್ತದೆ, ಇಲ್ಲವೇ ಒಳಗಿನ ಪೈಪೇ ಕಳಚಿಕೊಳ್ಳುತ್ತದೆ. ಕೆಲಸ ಕಲಿತ ಹೊಸತರಲ್ಲಿ ನಾನೇ ಹೀಗೆ ಊದಿ, ಪೈಪನ್ನು ತಟ್ಟೆಯಿಂದ ಕಳಚಿ, ಅರ್ಧ ಗಂಟೆಯ ಕೆಲಸವನ್ನು ಎರಡು ದಿನ ಮಾಡಿದ್ದೇನೆ. ಆ ಎರಡು ದಿನದ ಕೂಲಿಯನ್ನು ಗ್ರಾಹಕರಿಂದ ಕೇಳುವ ಹಾಗಿರಲಿಲ್ಲ.

ಕಟ್ಟಿಕೊಂಡದ್ದು ಬಿಟ್ಟ ಮೇಲೆ, ಅದು ಕಟ್ಟಿಕೊಂಡದ್ದೇಕೆ ಎಂದೂ ನೋಡಿಸಬೇಕು. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಇದೆಯೇ, ಇದ್ದರೆ ಯಾವ ಸ್ಥಿತಿಯಲ್ಲಿದೆ? ಕೆಲವು ಕಾರುಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಫಿಲ್ಟರಿನ ಜಾಗವಿದ್ದರೂ ಫಿಲ್ಟರ್ ಹಾಕಿರುವುದಿಲ್ಲ. ತುಂಬಿಹೋದ ಫಿಲ್ಟರನ್ನು ತೆಗೆದು ಬಿಸಾಡಿ ಹಾಗೆಯೇ ಮುಚ್ಚಿದ ಗ್ಯಾರೇಜುಗಳನ್ನೂ ಕಂಡಿದ್ದೇನೆ. ಫಿಲ್ಟರ್ ಇಲ್ಲದಿದ್ದರೆ ಧೂಳು ನೇರವಾಗಿ ಒದ್ದೆ ಕಾಯಿಲ್‌ಗೆ ಅಂಟಿ, ಕೆಸರಾಗಿ ತಟ್ಟೆಗೆ ಇಳಿಯುತ್ತದೆ. ಇತ್ತೀಚೆಗೆ ನೆಲಕ್ಕೆ ಹೊಸ ಮ್ಯಾಟಿಂಗ್ ಹೊಲಿಸಿದ್ದರೆ ಅದನ್ನೂ ಮೆಕ್ಯಾನಿಕ್‌ಗೆ ಹೇಳಿ. ದಪ್ಪ ಮ್ಯಾಟಿಂಗನ್ನು ಬಿಗಿಯಾಗಿ ತುರುಕುವಾಗ ಪೈಪಿನ ಮೊಣಕೈಯಂಥ ಬಾಗು ಮಡಚಿಕೊಂಡು ಮುಚ್ಚಿಹೋಗುವುದುಂಟು. ಅಂಥ ಪೈಪನ್ನು ಕೆಳಗಿನಿಂದ ಎಷ್ಟು ಕೆದಕಿದರೂ ಪ್ರಯೋಜನವಿಲ್ಲ, ಹಾಸನ್ನು ಎತ್ತಿ ನೇರ ಮಾಡಬೇಕು.

ಇನ್ನು ನಾನು ಮುಂದೂಡಿದ್ದ ಮಾತು. ಗ್ಯಾಸ್ ಕಡಿಮೆಯಾದಾಗ, ಕಾಯಿಲ್‌ನ ಉಷ್ಣತೆ ಅಳೆಯುವ ಸೆನ್ಸರ್ ಕೆಟ್ಟಾಗ, ಅಥವಾ ಫಿಲ್ಟರ್ ಕಟ್ಟಿಕೊಂಡು ಗಾಳಿಯ ಹರಿವು ಕುಗ್ಗಿದಾಗ, ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಅದರ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಆಗ ಮೊದಲು ಚೆನ್ನಾಗಿದ್ದ ಗಾಳಿ ಅರ್ಧ ಮುಕ್ಕಾಲು ಗಂಟೆಯ ಪ್ರಯಾಣದ ಬಳಿಕ ಕ್ರಮೇಣ ಕ್ಷೀಣಿಸುತ್ತದೆ, ಎ.ಸಿ. ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಗಡ್ಡೆ ಕರಗಿ, ತಟ್ಟೆಗೆ ತಾಳಲಾರದಷ್ಟು ನೀರು ಒಮ್ಮೆಗೇ ಬರುತ್ತದೆ. ಇಂಥ ಲಕ್ಷಣವಿದ್ದರೆ ಮಾತ್ರ ಗ್ಯಾಸ್ ನೋಡಿಸಬೇಕು. ನೋಡಿಸುವಾಗಲೂ ‘ಟಾಪ್ ಅಪ್’ ಎಂಬ ಅಂದಾಜಿನ ಕೆಲಸ ಬೇಡ: ಇರುವ ಗ್ಯಾಸನ್ನು ಯಂತ್ರದಿಂದ ಹೊರತೆಗೆದು, ಸೋರಿಕೆಯನ್ನು ಪತ್ತೆಹಚ್ಚಿ ಸರಿಪಡಿಸಿ, ಬಾನೆಟ್ ಅಡಿಯ ಚೀಟಿಯಲ್ಲಿ ಬರೆದಷ್ಟೇ ತೂಕದ ಗ್ಯಾಸನ್ನು ತುಂಬಬೇಕು. ತಮ್ಮ ಕಾರಿಗೆ ಈಗಾಗಲೇ ಅಳತೆಯಿಲ್ಲದೆ ತುಂಬಿದ್ದರೆ ಹೆಚ್ಚಾಗಿರುವ ಸಾಧ್ಯತೆಯೂ ಇದೆ, ಹೆಚ್ಚಾದ ಗ್ಯಾಸ್ ತಂಪನ್ನು ಕುಗ್ಗಿಸಿ ಕಂಪ್ರೆಸರ್ ಮೇಲೆ ಭಾರ ಹಾಕುತ್ತದೆ. ತುಂಬಿಸಿದ ಮೇಲೆ ಎ.ಸಿ. ಹಾಕಿದಾಗ ಎಂಜಿನ್ ನರಳುವುದು, ಸಿಗ್ನಲ್‌ನಲ್ಲಿ ನಿಂತಾಗ ತಂಪು ಬಿಡುವುದು ಕಂಡುಬಂದರೆ ಗ್ಯಾಸಿನ ತೂಕವನ್ನು ಪರೀಕ್ಷೆ ಮಾಡಿಸಿ.

ಡ್ಯಾಶ್‌ಬೋರ್ಡ್ ಇಳಿಸುವ ಕೆಲಸವನ್ನು ನಾನು ಕೊನೆಯ ದಾರಿಯೆಂದೇ ಎಣಿಸುತ್ತೇನೆ. ಪೈಪು ಸ್ವಚ್ಛವಾಗಿದ್ದು, ಕೆಳಗೆ ನೀರು ಸರಾಗವಾಗಿ ಬೀಳುತ್ತಿದ್ದು, ಆದರೂ ಒಳಗೆ ಸೋರುತ್ತಿದ್ದರೆ, ಪೆಟ್ಟಿಗೆಯೇ ಸೀಳಿದೆಯೇ, ಅದರ ಎರಡು ಹೋಳುಗಳ ನಡುವಿನ ಸೀಲ್ ಹೋಗಿದೆಯೇ, ಗೋಡೆಯ ಬಳಿಯ ತಣ್ಣನೆಯ ಪೈಪಿಗೆ ಸುತ್ತಿದ್ದ ಫೋಮ್ ಕಳಚಿ ಅದೇ ಬೆವರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಹಿಂದೆ ಯಾರಾದರೂ ಕಾಯಿಲ್ ಬದಲಿಸಿ ಸೀಲ್ ಹಾಕದೆ ಜೋಡಿಸಿದ ಕಾರುಗಳಲ್ಲಿ ಇದು ಸಾಮಾನ್ಯ. ಆಗಲೂ ಮೊದಲು ಫಿಲ್ಟರಿನ ಬಾಯಿಯಿಂದ ಸಣ್ಣ ಕ್ಯಾಮೆರಾ ತೂರಿಸಿ ಒಳಗೆ ನೋಡಲು ಕೇಳಿ. ಡ್ಯಾಶ್‌ಬೋರ್ಡ್ ಬಿಚ್ಚಿದ ಕಾರಿನಲ್ಲಿ ಮುರಿದ ಕ್ಲಿಪ್ಪುಗಳ ಕಟಕಟ ಸದ್ದು ಜೀವಮಾನದ ಸಂಗಾತಿಯಾಗಿಬಿಡಬಹುದು, ಅದರ ಜೊತೆಗೆ ಏರ್‌ಬ್ಯಾಗ್ ತಂತಿಗಳನ್ನು ಮುಟ್ಟುವ ಮೊದಲು ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯುವ ಶಿಸ್ತಿರುವವರೇ ಆ ಕೆಲಸ ಮಾಡಬೇಕು. ಎಂ-ಸೀಲ್ ಮೆತ್ತಿ ಸೋರಿಕೆ ನಿಲ್ಲಿಸುತ್ತೇನೆ ಎನ್ನುವವರಿಗೆ ಬೇಡವೆನ್ನಿ. ದಾರಿ ಕಟ್ಟಿಕೊಂಡಿರುವಾಗ ಅಂಚನ್ನು ಮುಚ್ಚಿದರೆ ನೀರು ಬ್ಲೋವರ್ ಮೋಟರಿನತ್ತ ತಿರುಗುತ್ತದೆ, ಅದು ಇನ್ನೂ ದುಬಾರಿ.

ಓಡಿಸಿದರೆ ಅಪಾಯವೇ ಎಂದು ಕೇಳಿದ್ದೀರಿ. ರಿಪೇರಿಯಾಗುವ ನಾಲ್ಕು ದಿನ ಕಾರು ಓಡಿಸಬಹುದು, ಆದರೆ ಎ.ಸಿ.ಯನ್ನು ಕಡಿಮೆ ಮಾಡಿ. ಬಳಸಲೇಬೇಕಾದರೆ ಒಳಗಿನ ಗಾಳಿಯೇ ಸುತ್ತುವಂತೆ ಇಡಿ, ಹುಟ್ಟುವ ನೀರು ಬಹಳ ಇಳಿಯುತ್ತದೆ. ಜೋರು ಮಳೆಯಲ್ಲಿ ಗಾಜಿಗೆ ಮಂಜು ಕಟ್ಟಿದರೆ ಮಾತ್ರ ಲೆಕ್ಕ ನೋಡದೆ ಎ.ಸಿ. ಹಾಕಿ, ದಾರಿ ಕಾಣುವುದು ಮುಖ್ಯ. ತಿಂಗಳುಗಟ್ಟಲೆ ಹೀಗೆಯೇ ಬಿಡುವುದು ಸರಿಯಲ್ಲ, ಏಕೆಂದರೆ ಕಾರ್ಪೆಟ್ಟಿನ ಅಡಿಯಲ್ಲಿ, ಸೀಟಿನ ಕೆಳಗೆ, ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟಿನ ವಿದ್ಯುತ್ ಜೋಡಣೆಗಳು ಹಾದುಹೋಗಿರುತ್ತವೆ. ಅವುಗಳ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದರೆ ಫಲಕದಲ್ಲಿ ಏರ್‌ಬ್ಯಾಗ್ ದೀಪ ಉರಿಯತೊಡಗುತ್ತದೆ, ಆ ದೀಪ ಉರಿಯುತ್ತಿರುವಾಗ ಅಪಘಾತವಾದರೆ ಏರ್‌ಬ್ಯಾಗ್ ತೆರೆದುಕೊಳ್ಳುವುದೆಂಬ ಭರವಸೆಯಿಲ್ಲ.

ಮುಗ್ಗಲು ವಾಸನೆ ಮ್ಯಾಟಿನದಲ್ಲ. ಕಾರ್ಪೆಟ್ಟಿನ ಅಡಿಯ ದಪ್ಪ ಫೆಲ್ಟ್ ಸ್ಪಂಜಿನಂತೆ ಲೀಟರ್‌ಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಮೇಲ್ಮೈ ಒಣಗಿದಂತೆ ಕಂಡರೂ ಅಡಿಯಲ್ಲಿ ಬೂಸು ಬೆಳೆಯುತ್ತಲೇ ಇರುತ್ತದೆ. ಕರ್ಪೂರ, ಕಾಫಿಪುಡಿ, ಸುಗಂಧದ ಬಾಟಲಿ ಇವೆಲ್ಲ ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದಿಸುತ್ತವೆ ಅಷ್ಟೆ. ಎಡಗಡೆಯ ಬಾಗಿಲಿನ ಬುಡದ ಪ್ಲಾಸ್ಟಿಕ್ ಪಟ್ಟಿ ತೆಗೆಸಿ, ಬೇಕಾದರೆ ಸೀಟನ್ನೂ ಇಳಿಸಿ, ಕಾರ್ಪೆಟ್ಟನ್ನು ಎತ್ತಿ, ಫೆಲ್ಟನ್ನು ಹಿಂಡಿ ಒಣಗಿಸಲೇಬೇಕು. ಸೀಟಿನ ಅಡಿಯ ಹಳದಿ ಬಣ್ಣದ ಏರ್‌ಬ್ಯಾಗ್ ಜೋಡಣೆಯನ್ನು ತಾವಾಗಿ ಕಳಚಬೇಡಿ. ಪುತ್ತೂರಿನ ಆಷಾಢದಲ್ಲಿ ಬಿಸಿಲನ್ನು ನಂಬಿ ಕೂರುವಂತಿಲ್ಲವಾದ್ದರಿಂದ, ಮನೆಯೊಳಗೆ ಟೇಬಲ್ ಫ್ಯಾನಿನ ಎದುರು ಎರಡು ಮೂರು ದಿನ ಇಡಬೇಕಾಗಬಹುದು. ತೀರಾ ಕೊಳೆತಿದ್ದರೆ ಫೆಲ್ಟಿನ ಆ ತುಂಡನ್ನಷ್ಟೇ ಬದಲಿಸಬಹುದು. ಇನ್ನು ಮುಂದೆ ಮನೆ ತಲುಪಲು ಎರಡು ಮೂರು ನಿಮಿಷ ಇರುವಾಗ ಎ.ಸಿ. ಗುಂಡಿಯನ್ನು ಆರಿಸಿ ಬ್ಲೋವರನ್ನು ಮಾತ್ರ ಓಡಲು ಬಿಟ್ಟರೆ ಕಾಯಿಲ್ ಸ್ವಲ್ಪ ಒಣಗುತ್ತದೆ, ಬೂಸಿನ ಕಾಟ ಕಡಿಮೆಯಾಗುತ್ತದೆ.

ಪೈಪು ಬಿಡಿಸಿದ ದಿನವೇ ಕಾರ್ಪೆಟ್ಟನ್ನು ಹಾಸಿ ಕೂರಿಸಿಬಿಡಬೇಡಿ. ಕಾರ್ಪೆಟ್ ಎತ್ತಿದ ಜಾಗದಲ್ಲಿ ದಿನಪತ್ರಿಕೆ ಹಾಸಿಕೊಂಡು, ಎ.ಸಿ. ಹಾಕಿ, ಮಂಗಳೂರಿಗೆ ಒಮ್ಮೆ ಹೋಗಿ ಬನ್ನಿ. ಒಂದು ಕಡೆಗೆ ಸುಮಾರು 50 ಕಿಲೋಮೀಟರ್, ತಿರುವುಗಳಿಗೂ ಬರವಿಲ್ಲ. ಅಲ್ಲಿ ಕಾರು ನಿಲ್ಲಿಸಿದಾಗ ಅಡಿಯಲ್ಲಿ ನೀರು ಬಿದ್ದು ಸಣ್ಣ ಮಡುವಾಗಿದ್ದು, ಒಳಗಿನ ಕಾಗದ ಗರಿಗರಿಯಾಗಿದ್ದರೆ, ಒಣಗಿದ ಫೆಲ್ಟ್ ಮತ್ತು ಕಾರ್ಪೆಟ್ಟನ್ನು ಮರುದಿನ ಹಾಕಿಸಬಹುದು.